ಸೋತ ಜಾಗಕ್ಕೇ ಮರಳುವ ಆಟ

ತಂಗಿಯ ಮಗ ಬೇಸಿಗೆ ರಜೆಗೆಂದು ಮುಗಳಖೋಡಕ್ಕೆ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ಊಟ ಮುಗಿದ ಮೇಲೆ ತೋಟದ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂಡುತ್ತಿದ್ದ. ಕಬ್ಬಿಗೆ ನೀರು ಬಿಡಲು ಥ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿತ್ತು. ಅದಕ್ಕಾಗಿ ಕಾಯುತ್ತ ನಾನು ಪಕ್ಕದಲ್ಲೇ ಅಡ್ಡಾಗಿರುತ್ತಿದ್ದೆ. ಬೇಡವೆಂದರೂ ಅವನ ಆಟ ಕಣ್ಣಿಗೆ ಬೀಳುತ್ತಿತ್ತು.

ಪರದೆಯ ಮೇಲೆ ದೊಡ್ಡ ಸಭಾಮಂಟಪ, ಕಂಬಗಳ ಸಾಲು. ಎದುರಿಗೆ ಇಬ್ಬರು. ಒಬ್ಬ ಸಪೂರ, ಸಿಂಹಮುಖದ ಶಿರಸ್ತ್ರಾಣ, ಕೈಯಲ್ಲಿ ಈಟಿ, ಮಿಂಚಿನ ಹಾಗೆ ಮೈಮೇಲೆ ಬರುವವ. ಇನ್ನೊಬ್ಬ ಗುಡಾಣದಂಥ ಹೊಟ್ಟೆಯವ, ಅವನ ಕೈಯಲ್ಲಿ ಭಾರಿ ಸುತ್ತಿಗೆ. ನನ್ನ ಕಣ್ಣಿಗೆ ಅದು ಗದೆಯೇ. ಹುಡುಗ ಒಬ್ಬನನ್ನು ಹೇಗೋ ಕೆಡವಿದರೆ, ಉಳಿದವ ಬಿದ್ದವನ ಬಲವನ್ನೂ ಹೀರಿಕೊಂಡು ಬೆಳೆದು ನಿಲ್ಲುತ್ತಿದ್ದ. ಆಮೇಲೆ ಒಂದೆರಡು ಪೆಟ್ಟು, ಅಷ್ಟೇ. ಪರದೆ ಮಂಕಾಗಿ, ನೀನು ಸತ್ತೆ ಎಂದು ಕೆಂಪಕ್ಷರ ಮೂಡುತ್ತಿತ್ತು. ಮೊದಲ ರಾತ್ರಿ ಹದಿನೇಳರವರೆಗೆ ಎಣಿಸಿ ಬಿಟ್ಟುಬಿಟ್ಟೆ.

"ಸಿಟ್ಟ ಬರೂದಿಲ್ಲೇನೋ ನಿನಗ?" ಎಂದೆ.

"ಸಿಟ್ಟ ಯಾಕ ಬರಬೇಕ್ರಿ ಮಾಮಾ? ತಪ್ಪ ನಂದ ಐತಲ್ಲ. ಅವ ಸುತಗಿ ಎತ್ತೂದು ಕಾಣತಿತ್ತು, ನಾ ಅವಸರ ಮಾಡಿದ್ನಿ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯವರೆಗೆ ನಾನೂ ಎಲ್ಲರಂತೆ ಅಂದುಕೊಂಡಿದ್ದೆ: ಹುಡುಗರಿಗೆ ರಕ್ತಪಾತ ನೋಡುವ ಚಟ, ಬದುಕಿನಿಂದ ತಪ್ಪಿಸಿಕೊಳ್ಳುವ ದಾರಿ, ಇನ್ನೇನು. ಆದರೆ ತಪ್ಪಿಸಿಕೊಳ್ಳಲು ಹೊರಟವನು ಇನ್ನೂ ಕಷ್ಟದ ಜಾಗಕ್ಕೆ ಯಾಕೆ ಹೋಗುತ್ತಾನೆ? ರಕ್ತವೇ ಬೇಕಿದ್ದರೆ ಸುಲಭವಾಗಿ ಗೆಲ್ಲಿಸುವ ಆಟಗಳು ಫೋನಿನಲ್ಲೇ ಬೇಕಾದಷ್ಟಿವೆ. ದಿನವಿಡೀ ದಣಿದ ಜೀವ ರಾತ್ರಿ ಕೂತು ಹಾಳೂರಿನಲ್ಲಿ ನಡೆಯುತ್ತದೆ, ಅಲ್ಲಿ ಸಾಯುತ್ತದೆ, ಮತ್ತೆ ಎದ್ದು ಅಲ್ಲಿಗೇ ಹೋಗುತ್ತದೆ. ಇದಕ್ಕೆ ಬೇರೆಯದೇ ಕಾರಣ ಇರಬೇಕು.

ಅವನು ಆಡುತ್ತಿದ್ದದ್ದು ಡಾರ್ಕ್ ಸೋಲ್ಸ್. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2011ರಲ್ಲಿ ಹೊರತಂದದ್ದು, ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಆ ಲೋಕದಲ್ಲಿ ದೇವತೆಗಳ ಕಾಲ ಮುಗಿಯುತ್ತ ಬಂದಿದೆ, ಎಲ್ಲಕ್ಕೂ ಮೂಲವಾದ ಬೆಂಕಿ ಆರುತ್ತಿದೆ. ಆಡುವವನು ಸಾಯಲಾರದ ಶಾಪ ಹೊತ್ತ ಒಬ್ಬ ಅನಾಮಿಕ. ಅಲ್ಲಲ್ಲಿ ಒಂದೊಂದು ಸಣ್ಣ ಬೆಂಕಿಗುಡ್ಡೆ ಸಿಗುತ್ತದೆ. ಅದರ ಮುಂದೆ ಕೂತು ದಣಿವಾರಿಸಿಕೊಳ್ಳಬಹುದು. ಆದರೆ ಕೂತು ಎದ್ದರೆ ಕೊಂದ ವೈರಿಗಳಲ್ಲಿ ಬಹುತೇಕ ಎಲ್ಲರೂ ಮತ್ತೆ ಎದ್ದಿರುತ್ತಾರೆ. ದುಡಿದದ್ದೆಲ್ಲ 'ಸೋಲ್ಸ್' ಎಂಬ ಲೆಕ್ಕದಲ್ಲಿ ಜಮಾ ಆಗುತ್ತದೆ. ಸತ್ತರೆ ಅದಷ್ಟೂ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಮತ್ತೆ ಅದೇ ದಾರಿ ನಡೆದು ಅದೇ ಜಾಗ ಮುಟ್ಟಿದರೆ ಎಲ್ಲ ವಾಪಸ್ಸು. ನಡುವೆ ಇನ್ನೊಮ್ಮೆ ಸತ್ತರೆ ಕಾಯಂ ಹೋಯಿತು.

ಸೋತ ಜಾಗದಿಂದ ಓಡಿಹೋಗುವವನಿಗೆ ಈ ಆಟದಲ್ಲಿ ದಕ್ಕುವುದು ಕಡಿಮೆ. ಒಕ್ಕಲುತನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳುವರಿ ಬರಲಿಲ್ಲವೆಂದು ಹೊಲ ಬಿಟ್ಟು ಹೋಗಲು ಆಗುತ್ತದೆಯೇ? ಮುಂದಿನ ಹಂಗಾಮಿಗೆ ಅದೇ ಹೊಲಕ್ಕೆ ಇಳಿಯಬೇಕು.

ಒಂದು ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಹೊಲದಲ್ಲಿ ಸೋತಾಗ ಕಾರಣ ಕೈಗೆ ಸಿಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ, ನಿಂತ ಕಬ್ಬು ನೀರಲ್ಲಿ ಕೊಳೆಯುವಾಗ, ತಪ್ಪು ಯಾರದೆಂದು ಕೇಳುವುದು? 2025ರ ನವೆಂಬರಿನಲ್ಲಿ ನಮಗೆ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತರು. ವರ್ಷವಿಡೀ ಸರಿಯಾಗಿ ದುಡಿದವನ ಗೆಲುವು ಸೋಲು ಅಲ್ಲಿ ಅವನ ಕೈಮೀರಿ ನಿರ್ಧಾರವಾಗುತ್ತಿತ್ತು. ತಪ್ಪು ನನ್ನದೇ ಎಂದು ಧೈರ್ಯವಾಗಿ ಹೇಳಿಕೊಳ್ಳುವ ಅವಕಾಶ ಕೂಡ ಒಂದು ಭಾಗ್ಯ. ಬದುಕು ಅದನ್ನು ಅಪರೂಪಕ್ಕೆ ಕೊಡುತ್ತದೆ. ಈ ಕತ್ತಲ ಆಟ ಪ್ರತಿ ಸಾವಿನಲ್ಲೂ ಕೊಡುತ್ತದೆ. ಸುತ್ತಿಗೆ ಎತ್ತುವುದು ಕಾಣುತ್ತದೆ. ಕಂಡೂ ಅವಸರ ಮಾಡಿದರೆ ಸಾವು, ಕಾದರೆ ಬದುಕು. ಲೋಕ ಎಷ್ಟು ಕಪ್ಪಾಗಿದ್ದರೂ ಅದರಲ್ಲೊಂದು ನ್ಯಾಯ ಇದೆ. ಹುಡುಗರನ್ನು ಎಳೆಯುವುದು ಆ ನ್ಯಾಯ ಎಂದು ನಾನು ನಂಬುತ್ತೇನೆ.

ಹಾಗಾದರೆ ಕತ್ತಲು ಯಾಕೆ ಬೇಕು? ನ್ಯಾಯ ಚದುರಂಗದಲ್ಲೂ ಇದೆಯಲ್ಲ ಎನ್ನಬಹುದು. ಇದಕ್ಕೆ ಉತ್ತರ ಹುಡುಕುತ್ತ ಜಪಾನಿಗೆ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಚಿಂಚಲಿಗೆ ಹೋದರೆ ಸಾಕು. ಭಾರತ ಹುಣ್ಣಿಮೆಯ ಮಾಯಕ್ಕನ ಜಾತ್ರೆಗೆ ಕೊಲ್ಲಾಪುರ, ಸಾಂಗ್ಲಿ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ, ಭಂಡಾರ ಹಾರಿಸುತ್ತಾರೆ. ಅವಳ ಕಥೆ ಕೇಳಿದರೆ ಕೀಲ, ಕಿಟ್ಟ ಎಂಬ ರಾಕ್ಷಸರನ್ನು ಬೆನ್ನಟ್ಟಿ ಕೊಂದ ಕಥೆಯನ್ನೇ ಹೇಳುತ್ತಾರೆ. ದೇವಿಯ ಹೆಸರು ಉಳಿದಿರುವಷ್ಟೇ ಗಟ್ಟಿಯಾಗಿ ರಾಕ್ಷಸರ ಹೆಸರೂ ಉಳಿದಿದೆ. ದೊಡ್ಡಾಟದಲ್ಲೂ ಅಷ್ಟೇ. ಸಣ್ಣವನಿದ್ದಾಗ ನಾನು ನಿದ್ದೆಗಣ್ಣಿನಲ್ಲಿ ಕಾಯುತ್ತಿದ್ದದ್ದು ರಾಕ್ಷಸನ ಸೋಗು ಬರುವ ಹೊತ್ತಿಗೆ. ಭುಜಕೀರ್ತಿ ಅಲುಗಿಸುತ್ತ ಅವನು ಅಬ್ಬರಿಸಿದರೆ ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ, ಸೆರಗಿನ ಸಂದಿಯಿಂದ ನೋಡುತ್ತಲೂ ಇದ್ದೆ. ಅಂಜಿಕೆಗೆ ಒಂದು ಮುಖ, ಒಂದು ಹೆಸರು, ಒಂದು ಕಿರೀಟ ಸಿಕ್ಕಿದ ಮೇಲೆ ಅದನ್ನು ನೋಡಲು ಆಗುತ್ತದೆ. ಮುಖವಿಲ್ಲದ ಅಂಜಿಕೆಯೇ ಮನುಷ್ಯನನ್ನು ಒಳಗಿನಿಂದ ತಿನ್ನುವುದು.

ಕನ್ನಡದ ಕಾವ್ಯವೂ ಕತ್ತಲಿಗೆ ಹಿಂಜರಿದದ್ದಲ್ಲ. ಜನ್ನನ ಯಶೋಧರ ಚರಿತೆ ರಚನೆಯಾದದ್ದು 1209ರಲ್ಲಿ. ಅದರ ಕಥೆ ಶುರುವಾಗುವುದು ಚಂಡಮಾರಿಯ ಗುಡಿಯಲ್ಲಿ, ಬಲಿಗೆಂದು ಹಿಡಿದು ತಂದ ಅಣ್ಣ ತಂಗಿಯರ ಎದುರಿನಲ್ಲಿ. ಅದಕ್ಕೂ ಎರಡು ಶತಮಾನ ಹಿಂದಿನ ರನ್ನನಂತೂ ನಮ್ಮ ನೆರೆಯವನು. ಮುಧೋಳದ ಬಳೆಗಾರರ ಮನೆಯ ಮಗ. ಗದಾಯುದ್ಧದಲ್ಲಿ ಅವನು ದುರ್ಯೋಧನನನ್ನು ಎಲ್ಲಿ ನಡೆಸುತ್ತಾನೆ ನೋಡಿ. ಯುದ್ಧ ಕೈತಪ್ಪಿದೆ. ಸಂಜಯನನ್ನು ಜೊತೆಗಿಟ್ಟುಕೊಂಡು, ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ರಣರಂಗದ ನಡುವೆ ಕಾಲ್ನಡಿಗೆಯಲ್ಲಿ ಹೊರಟಿದ್ದಾನೆ ದೊರೆ. ಹೆಣಗಳು, ಮುರಿದ ರಥಗಳು, ಸತ್ತ ಆನೆಗಳು. ಮರುಳುಗಳು ಅವನನ್ನು ಹಂಗಿಸುತ್ತವೆ. ದಾರಿಯಲ್ಲಿ ಒಬ್ಬೊಬ್ಬರೇ ಎದುರಾಗುತ್ತಾರೆ, ಎಲ್ಲರೂ ಸತ್ತವರು: ಗುರು, ಮಗ, ತಮ್ಮ, ಗೆಳೆಯ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ, ಅವನ ಶೌರ್ಯವನ್ನು ಹೊಗಳುತ್ತಾನೆ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದ ಕಾವ್ಯ ಅದು. ಆದರೂ ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಈ ಸೋತವನ ನಡಿಗೆ.

ಹುಡುಗನ ಪರದೆಯಲ್ಲಿ ನಾನು ಕಂಡದ್ದೂ ಅಂಥದೇ ನಡಿಗೆ. ಒಂದು ಕಾಲಕ್ಕೆ ವೈಭವದಿಂದ ಮೆರೆದ ರಾಜ್ಯದ ಅವಶೇಷಗಳ ನಡುವೆ, ಬಿದ್ದ ವಸ್ತುವನ್ನು ಎತ್ತಿ ನೋಡುತ್ತ, ಇದು ಯಾರದಿರಬಹುದು ಎಂದು ಊಹಿಸುತ್ತ ಹೋಗುವುದು. ಗೆದ್ದವರ ಮೆರವಣಿಗೆಯನ್ನು ರಸ್ತೆಯ ಬದಿಗೆ ನಿಂತು ನೋಡಬಹುದು. ಸೋತವರ ದಾರಿಯನ್ನು ನಾವೇ ನಡೆಯಬೇಕು. ಪುಸ್ತಕ ಓದಿಸುತ್ತದೆ, ದೊಡ್ಡಾಟ ತೋರಿಸುತ್ತದೆ, ಈ ಆಟ ನಡೆಸುತ್ತದೆ. ಆ ಕತ್ತಲಿನ ಸೆಳೆತದ ಅರ್ಧ ಪಾಲು ಇಲ್ಲಿದೆ.

ಇನ್ನರ್ಧ ಪಾಲು ಅರ್ಥವಾಗದೇ ಉಳಿಯುವುದರಲ್ಲಿದೆ. ಮಿಯಾಝಾಕಿ ಬಡ ಮನೆಯ ಹುಡುಗ. ಗ್ರಂಥಾಲಯದಿಂದ ತಂದ ಪುಸ್ತಕಗಳಲ್ಲಿ ತನಗೆ ತಿಳಿಯದ ಭಾಗ ಬಂದರೆ ಅದನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದನಂತೆ. ಮುಂದೆ ತಾನು ಮಾಡಿದ ಆಟಗಳಲ್ಲೂ ಕಥೆಯನ್ನು ಹಾಗೇ ತೂತು ಬಿಟ್ಟು ಹೇಳಿದ. ಕತ್ತಿಯ ಮೇಲಿನ ಎರಡು ಸಾಲು, ಗೋಡೆಗೊರಗಿದ ಒಂದು ಹೆಣ. ಉಳಿದದ್ದನ್ನು ಆಡುವವನೇ ಕೂಡಿಸಿಕೊಳ್ಳಬೇಕು. ನನ್ನ ಅಳಿಯ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಟದ ಹಳೇ ಇಂಗ್ಲಿಷು ಅವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಅರ್ಧ ತಿಳಿದ ಭಾಷೆಯಲ್ಲಿ ಕಥೆ ಕಟ್ಟಿಕೊಳ್ಳುವುದು ನಮ್ಮ ಮಕ್ಕಳ ನಿತ್ಯದ ಕಷ್ಟ. ಈ ಆಟದಲ್ಲಿ ಮಾತ್ರ ಅದು ಕೊರತೆಯಾಗಲಿಲ್ಲ, ಆಡುವ ಕ್ರಮವೇ ಆಯಿತು.

ಇದನ್ನೆಲ್ಲ ಹೇಳುವಾಗ ತಾಯಂದಿರ ಆತಂಕವನ್ನು ತಳ್ಳಿಹಾಕಲಾರೆ. ನನ್ನ ತಂಗಿ ದಿನಾ ಫೋನ್ ಮಾಡಿ, ನಿದ್ದೆಗೆಟ್ಟು ಆಡತಾನ, ನೀ ಬೈಯೂದಿಲ್ಲೇನು ಎಂದು ಕೇಳುತ್ತಿದ್ದಳು. ಅವಳು ಹೇಳುವುದು ನಿಜ. ನಿದ್ದೆ ಹೋದದ್ದು ಹೋದದ್ದೇ. ಹತ್ತು ವರ್ಷದ ಕೂಸಿನ ಕೈಗೆ ಇಂಥ ಆಟ ಕೊಡಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪಗಿರುವುದೆಲ್ಲ ಕೇಡು, ಬಣ್ಣಬಣ್ಣದ್ದೆಲ್ಲ ಸಾಧು ಎಂದು ತಿಳಿದರೆ ನಾವು ಕಾವಲನ್ನು ತಪ್ಪು ಬಾಗಿಲಿಗೆ ಹಾಕಿದಂತೆ. ನಮ್ಮ ಕಡೆಯ ಹುಡುಗರ ದುಡ್ಡು ನುಂಗಿದ್ದು ರಾಕ್ಷಸರ ಆಟಗಳಲ್ಲ. ಫೋನಿನಲ್ಲಿ ನಗುನಗುತ್ತ ಬಂದ ರಮ್ಮಿ, ಚಿನ್ನದ ನಾಣ್ಯ ಉದುರಿಸಿ ತೋರಿಸಿದ ಜಾಹೀರಾತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತರಬೇಕಾಯಿತು. ಅಲ್ಲಿ ಸೋತವನು ಮತ್ತೆ ಅದೇ ಜಾಗಕ್ಕೆ ಹೋಗುತ್ತಾನೆ, ನಿಜ. ಹೋದಷ್ಟೂ ಕಲಿಯುವುದು ಏನೂ ಇಲ್ಲ, ಕಳೆಯುವುದೇ. ಡಾರ್ಕ್ ಸೋಲ್ಸ್‌ನ ಒಳಗೇ ಈ ಮಾತಿಗೊಂದು ಚಿತ್ರವಿದೆ. ಆ ಇಬ್ಬರು ಕಾವಲಿರುವ ದೇವತೆಗಳ ಪಟ್ಟಣ ಸಂಜೆಬಿಸಿಲಿನಲ್ಲಿ ಬಂಗಾರದಂತೆ ಹೊಳೆಯುತ್ತದೆ. ಇಡೀ ಆಟದಲ್ಲಿ ಅಷ್ಟು ಬೆಳಕಿನ ಜಾಗ ಅಪರೂಪ. ಆದರೆ ಆ ಬಿಸಿಲು ಮಾಯೆ. ಮಾಯೆ ಹರಿದರೆ ಪಟ್ಟಣಕ್ಕೆ ಕತ್ತಲು ಕವಿಯುತ್ತದೆ, ದೇವತೆಗಳು ಯಾವಾಗಲೋ ಬಿಟ್ಟು ಹೋಗಿದ್ದಾರೆ ಎಂದು ಆಗ ತಿಳಿಯುತ್ತದೆ.

ನಾಲ್ಕನೇ ರಾತ್ರಿ ಹುಡುಗ ಫೋನಿನಿಂದ ನೆಟ್ ಹಚ್ಚಿಕೊಂಡು ಆಡಿದ. ಸಭಾಮಂಟಪದ ಕದದ ಮುಂದೆ ನೆಲದ ಮೇಲೆ ಮಿನುಗುವ ಗುರುತೊಂದಿತ್ತು. ಅದನ್ನು ಮುಟ್ಟಿದ. ಬೆಳ್ಳಗೆ ಹೊಳೆಯುವ ಆಕೃತಿಯೊಂದು ನೆಲದಿಂದ ಎದ್ದು ಬಂತು, ಉಳ್ಳಾಗಡ್ಡಿ ಆಕಾರದ ಕವಚ ತೊಟ್ಟಿತ್ತು. ಯಾವ ದೇಶದವನೋ, ಯಾವ ಊರವನೋ. ಒಂದು ಮಾತಿಲ್ಲ. ಈಟಿಯವನನ್ನು ಅವನು ಕಂಬದಾಚೆ ಎಳೆದೊಯ್ದ, ಇವನು ಗದೆಯವನನ್ನು ಹಿಡಿದ. ಗೆದ್ದರು. ಉಳ್ಳಾಗಡ್ಡಿ ಕವಚದವ ಬಾಗಿ ನಮಸ್ಕರಿಸಿ, ಕರಗಿ ಹೋದ.

ಈ ಏರ್ಪಾಡು ಹುಟ್ಟಿದ ಕಥೆಯನ್ನು ಮಿಯಾಝಾಕಿ ಹೇಳಿದ್ದಾನೆ. ಒಮ್ಮೆ ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಜಾರಿ ನಿಂತುಬಿಟ್ಟವು. ಹಿಂದಿನ ಕಾರು ಮುಂದಿನದನ್ನು ನೂಕಿತು, ಅದರ ಹಿಂದಿನದು ಅದನ್ನು ನೂಕಿತು, ಹೀಗೆ ದಿನ್ನೆ ಹತ್ತಿದರು. ನಿಂತು ಉಪಕಾರ ಸ್ಮರಿಸಿದರೆ ಮತ್ತೆ ಸಿಕ್ಕಿಬೀಳುವ ಭಯ, ಮಿಯಾಝಾಕಿ ಹಾಗೇ ಹೊರಟು ಹೋದ. ಕೊನೆಯ ಕಾರಿನವನು ಮನೆ ಮುಟ್ಟಿದನೇ ಎಂಬುದು ಅವನ ಮನಸ್ಸಿನಲ್ಲಿ ಉಳಿಯಿತು. ಅದೇ 2009ರ ಡೀಮನ್ಸ್ ಸೋಲ್ಸ್ ಆಟದಲ್ಲಿ, ಮಾತಿಲ್ಲದೆ ಬಂದು ನೆರವಾಗಿ ಮಾಯವಾಗುವ ಜೊತೆಗಾರನಾಯಿತು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳನ್ನು ಕಂಡವರಿಗೆ ಇದು ಹೊಸತಲ್ಲ. ಎರಡು ಟ್ರೇಲರ್ ಹೇರಿಕೊಂಡ ಟ್ರ್ಯಾಕ್ಟರ್ ಏರಿನಲ್ಲಿ ಮುಂದಿನ ಗಾಲಿ ಎತ್ತಿ ನಿಂತರೆ, ಹಿಂದೆ ಬಂದವನು ಕೇಳದೆಯೇ ಇಳಿದು ಬಂದು, ತನ್ನ ಟ್ರ್ಯಾಕ್ಟರನ್ನು ಮುಂದೆ ಜೋಡಿಸಿ ಎಳೆದುಕೊಟ್ಟು ಹೋಗುತ್ತಾನೆ. ಕತ್ತಲಲ್ಲಿ ಅವನ ಮುಖವೂ ಕಂಡಿರುವುದಿಲ್ಲ.

ಗೆದ್ದ ಆ ರಾತ್ರಿ ಕರೆಂಟು ಬಂದದ್ದು ಎರಡು ಗಂಟೆಗೆ. ಮೋಟರ್ ಚಾಲೂ ಮಾಡಿ, ಬ್ಯಾಟರಿ ಹಿಡಿದು ಇಬ್ಬರೂ ಕಬ್ಬಿನ ಬದುವಿನ ಮೇಲೆ ನಡೆದೆವು. ಎರಡೂ ಕಡೆ ಆಳೆತ್ತರದ ಬೆಳೆ, ರವದಿ ಸರಗುಟ್ಟುತ್ತಿತ್ತು. ರನ್ನನ ದುರ್ಯೋಧನನ ವಿಷಯ ತೆಗೆದೆ. ಪಿಯುಸಿಯಲ್ಲಿ ಓದಿದ ನೆನಪು ಅವನಿಗೆ ಇತ್ತು, ಪರೀಕ್ಷೆಗೆ ಬೇಕಾದಷ್ಟು. ಸ್ವಲ್ಪ ದೂರ ಸುಮ್ಮನೆ ನಡೆದು ಕೇಳಿದ:

"ಮಾಮಾ, ಅವ ಭೀಷ್ಮನ ಹಂತೇಕ ಮುಟ್ಟೂತನಕ ದಾರ‍್ಯಾಗ ಯಾರ‍್ಯಾರು ಸಿಗತಾರ್ರಿ?"

"ಮೊದಲ ದ್ರೋಣ," ಎಂದು ಶುರು ಮಾಡಿದೆ.