ಹುಳಕ್ಕೆ ಕೊಡುವ ಬಿಡುವು ನಮಗೇಕಿಲ್ಲ?

ರೇಷ್ಮೆ ಸಾಕುವ ಮನೆಗೆ ಹೋಗಿ ನೋಡಿ. ಹುಳ ಪೊರೆ ಬಿಡುವ ಜ್ವರಕ್ಕೆ ಕೂತಿದೆ ಎಂದರೆ ಸಾಕು, ಮನೆಮಂದಿಯೆಲ್ಲ ಹುಷಾರಾಗುತ್ತಾರೆ. ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ ಸುಮ್ಮನಾಗುತ್ತಾರೆ. ತಲೆ ಎತ್ತಿ ಅಲ್ಲಾಡದೆ ಕೂತ ಹುಳ ಸುಮಾರು ಒಂದು ದಿನ ಏನೂ ತಿನ್ನದೆ ಹಳೆಯ ಪೊರೆ ಕಳಚುತ್ತದೆ. ಗೂಡು ಕಟ್ಟುವ ಮುನ್ನ ನಾಲ್ಕು ಸಲ ಹೀಗೆ. ಆಗ ಅವಸರಪಟ್ಟರೆ ಬೆಳೆ ಕೈಕೊಡುತ್ತದೆಂದು ಕನಕಪುರ, ಮಾಗಡಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹುಳಕ್ಕೆ ಇಷ್ಟು ಮರ್ಯಾದೆ ಕೊಡುವ ನಾವು ನಮ್ಮ ಜೀವಕ್ಕೆ ಏನು ಕೊಟ್ಟಿದ್ದೇವೆ?

ರಾಮನಗರದಲ್ಲಿ ನೂಲು ತೆಗೆಯುವ ಹೆಣ್ಣುಮಕ್ಕಳು ಬಿಸಿನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕುತ್ತಲೇ ದಿನ ಕಳೆಯುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದವರ ಕಣ್ಣು ಆಚೀಚೆ ಹೋಗುವಂತಿಲ್ಲ. ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯಬೇಕು. ಬೆಂಗಳೂರಿಗೆ ದುಡಿಯಲು ಹೋಗುವವರು ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು, ದಾರಿಯ ಹೊತ್ತು ಇಳಿಯಿತು. ಉಳಿದ ಆ ಹೊತ್ತು ಎಲ್ಲಿ ಹೋಯಿತು? ಇನ್ನೊಂದು ಕೆಲಸಕ್ಕೆ, ಇಲ್ಲವೇ ಮೊಬೈಲಿಗೆ.

ಕೂತು ಯೋಚಿಸಲು ಪುರುಸೊತ್ತಿಲ್ಲದ ಮನುಷ್ಯನನ್ನು ಯಾರು ಬೇಕಾದರೂ ಎಳೆದಾಡಬಹುದು. ಅಜ್ಜನ ಕಾಲದ ಹೊಲ ಮಾರುವ ಮಾತು ರಸ್ತೆ ಬದಿಯಲ್ಲಿ ನಿಂತ ನಿಲುವಿನಲ್ಲೇ ಮುಗಿಯುತ್ತಿದೆ. ಸಾಲದ ಪತ್ರಕ್ಕೆ ಓದದೆ ರುಜು ಬೀಳುತ್ತಿದೆ. ಮಗ ಹೇಳಹೊರಟ ಮಾತು ಗದರಿಕೆಯಲ್ಲಿ ಅಡಗಿಹೋಗುತ್ತಿದೆ. ಓಟು ಹಾಕುವ ಕೈಗೂ ಅದೇ ಅವಸರ! ಇವೆಲ್ಲ ಸಣ್ಣ ನಷ್ಟಗಳಲ್ಲ.

ಬಿಡುವಿಗಾಗಿ ಬೆಟ್ಟ ಹತ್ತಿ ಎಂದು ನಾನು ಹೇಳುತ್ತಿಲ್ಲ. ಸಾವನದುರ್ಗಕ್ಕೂ ಈಗ ನಾವು ಗದ್ದಲವನ್ನೇ ಹೊತ್ತುಕೊಂಡು ಹೋಗುತ್ತೇವೆ. ನಿಮ್ಮ ಮನೆಯ ಜಗಲಿಯೇ ಸಾಕು. ದಿನಕ್ಕೆ ಅರ್ಧ ಗಂಟೆ ಟಿವಿ ಆರಿಸಿ, ಮೊಬೈಲು ಒಳಗಿಟ್ಟು ಕೂತುಕೊಳ್ಳಿ. ಇಂದು ಯಾರಿಗೆ ನೋವು ಮಾಡಿದೆ, ನಾಳೆ ಯಾವುದಕ್ಕೆ ಒಲ್ಲೆ ಎನ್ನಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆದರೆ ಅಣ್ಣಂದಿರೇ, ನೀವು ಜಗಲಿಯಲ್ಲಿ ಕೂತಾಗ ಒಳಗೆ ಮುದ್ದೆ ತಿರುವುತ್ತಿರುವವರು ಯಾರು? ಆಕೆಗೂ ಅದೇ ಅರ್ಧ ಗಂಟೆ ಸಿಗಬೇಕು. ಅದಕ್ಕೆ ನೀವು ಎದ್ದು ಪಾತ್ರೆ ತೊಳೆಯಬೇಕು. ಹೆಂಗಸರ ನಿದ್ದೆಯಿಂದ ಕಿತ್ತುಕೊಂಡ ನೆಮ್ಮದಿ ನೆಮ್ಮದಿಯಲ್ಲ.

ಕಾರ್ಖಾನೆ, ರೀಲಿಂಗ್ ಘಟಕಗಳ ಮಾಲೀಕರಿಗೂ ನನ್ನದೊಂದು ಮಾತಿದೆ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವ ಮುನ್ನ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಷ್ಟು ಹೊತ್ತು ಬುತ್ತಿ ಬಿಚ್ಚಿ, ಉಂಡು, ಕೈ ತೊಳೆಯುವುದಕ್ಕೇ ಸರಿಹೋಗುತ್ತದೆ. ಇನ್ನೊಂದು ಕಾಲು ಗಂಟೆ ಸೇರಿಸಿ. ಮೆಷಿನ್ ನಿಲ್ಲಿಸಿ, ರೇಡಿಯೋ ನಿಲ್ಲಿಸಿ, ಅವರನ್ನು ಅವರ ಪಾಡಿಗೆ ಬಿಡಿ. ಗೂಡಿನ ದರ ಏರಲಿ, ಇಳಿಯಲಿ, ಆ ಹೊತ್ತಿನ ಕೂಲಿ ಮಾತ್ರ ಮುರಿಯಬೇಡಿ.