ತಡೆಯಾಜ್ಞೆ ಇದೆಯೆಂದಾದರೂ ಓದುಗರಿಗೆ ಹೇಳಿ



ಮಾಧ್ಯಮಗಳು ವರದಿಯ ಹೆಸರಿನಲ್ಲಿ ವಿಚಾರಣೆಯನ್ನೇ ನಡೆಸುತ್ತಿವೆ, ನ್ಯಾಯಾಲಯಗಳು ತಡೆಯಾಜ್ಞೆ ಕೊಟ್ಟು ಅವಕ್ಕೆ ಮೂಗುದಾರ ಹಾಕಬೇಕು ಎಂಬ ವಾದ ಈಚೆಗೆ ಪದೇ ಪದೇ ಕೇಳಿಬರುತ್ತಿದೆ. ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ಟಿ.ವಿ. ಸ್ಟುಡಿಯೋಗಳಲ್ಲಿ ತೀರ್ಪು ಹೊರಬೀಳುವುದನ್ನು ಕಂಡವರಿಗೆ ಈ ಸಿಟ್ಟು ಸಹಜ. ಆದರೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಬಂದ ಏಕಪಕ್ಷೀಯ ತಡೆಯಾಜ್ಞೆಗಳನ್ನು ಒಂದೊಂದಾಗಿ ನೋಡಿದರೆ, ಅವುಗಳ ರಕ್ಷಣೆ ಸಿಕ್ಕಿರುವುದು ಹೆಚ್ಚಾಗಿ ಪ್ರಭಾವಿಗಳಿಗೆ.

2019ರ ಲೋಕಸಭಾ ಚುನಾವಣೆಗೆ ಕೆಲವೇ ವಾರ ಇರುವಾಗ, ಬೆಂಗಳೂರು ದಕ್ಷಿಣದ ಬಿಜೆಪಿ ಅಭ್ಯರ್ಥಿ ತೇಜಸ್ವಿ ಸೂರ್ಯ ಅವರ ವಿರುದ್ಧ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ 49 ಮಾಧ್ಯಮ ಸಂಸ್ಥೆಗಳಿಗೆ ಆದೇಶ ಬಂತು. 2021ರ ಮಾರ್ಚ್‌ನಲ್ಲಿ ರಾಜ್ಯದ ಸಚಿವ ರಮೇಶ ಜಾರಕಿಹೊಳಿ ಅವರ ರಾಜೀನಾಮೆಯ ಬೆನ್ನಿಗೇ, ಅಧಿಕಾರದಲ್ಲಿದ್ದ ಆರು ಸಚಿವರು ತಮ್ಮ ವಿರುದ್ಧ ಮುಂದೆ ಬರಬಹುದಾದ ಸುದ್ದಿಗೆ ಮುಂಚಿತವಾಗಿಯೇ ತಡೆ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತೆಂಬ ಆರೋಪದ ಪ್ರಕರಣಕ್ಕೆ ಸಂಬಂಧಿಸಿದ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆದುಹಾಕಲು ಆದೇಶವಾಯಿತು. ಅಷ್ಟೊಂದು ಬರಹ, ವಿಡಿಯೊಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಒಂದು ಕಡೆಯವರ ಮಾತನ್ನಷ್ಟೇ ಕೇಳಿ ತೀರ್ಮಾನಿಸಲು ಸಾಧ್ಯವೆ?

ಕಾನೂನೂ ಇದನ್ನು ಸಲೀಸು ಮಾಡಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ನೇ ನಿಯಮದ ಪ್ರಕಾರ, ಎದುರು ಪಕ್ಷಕ್ಕೆ ನೋಟಿಸ್ ಕೊಡದೆ ತಡೆಯಾಜ್ಞೆ ಕೊಡುವ ನ್ಯಾಯಾಧೀಶರು ಅದಕ್ಕೆ ಕಾರಣ ಬರೆದಿಡಬೇಕು. 3ಎ ನಿಯಮದಂತೆ, ಹಾಗೆ ಕೊಟ್ಟ ಮೇಲೆ ಆ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು. ಆಗದಿದ್ದರೆ ಅದಕ್ಕೂ ಕಾರಣ ದಾಖಲಿಸಬೇಕು. ಝೀ ಸಂಸ್ಥೆಯ ಕುರಿತ ಬ್ಲೂಮ್‌ಬರ್ಗ್ ಲೇಖನದ ಪ್ರಕರಣದಲ್ಲಿ 2024ರ ಮಾರ್ಚ್ 22ರಂದು ದಿಲ್ಲಿ ನ್ಯಾಯಾಲಯದ ಏಕಪಕ್ಷೀಯ ಆದೇಶವನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುನ್ನವೇ ಲೇಖನವನ್ನು ತಡೆಯುವುದು ತೀರ ಅಪರೂಪದ ಸಂದರ್ಭಕ್ಕೆ ಮೀಸಲಾಗಿರಬೇಕು ಎಂದಿತು. ಸುದ್ದಿ ಸುಳ್ಳಾಗಿದ್ದರೆ ಪರಿಹಾರ ಕೇಳುವ ದಾವೆಯ ದಾರಿ ಯಾವತ್ತೂ ತೆರೆದೇ ಇದೆ.

ನನ್ನ ಹೆಚ್ಚಿನ ತಕರಾರು ಇರುವುದು ಪತ್ರಿಕೆಗಳ ಮೇಲೆಯೇ. ತೇಜಸ್ವಿ ಸೂರ್ಯ ಪ್ರಕರಣದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ, 2019ರ ಏಪ್ರಿಲ್‌ನಲ್ಲಿ ರದ್ದುಮಾಡಿಸಿದ್ದು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ನಾಗರಿಕ ಸಂಘಟನೆ. ಧರ್ಮಸ್ಥಳದ ವಿಷಯದಲ್ಲಿ ‘ಕುಡ್ಲ ರ‍್ಯಾಂಪೇಜ್’ ಎಂಬ ಯೂಟ್ಯೂಬ್ ವಾಹಿನಿ ಹೈಕೋರ್ಟಿಗೆ ಹೋಗಿ ತನ್ನ ಮೇಲಿನ ತಡೆಯನ್ನು ತೆಗೆಸಿಕೊಂಡಿತು. ವಕೀಲರ ಪಡೆಯನ್ನೇ ಇಟ್ಟುಕೊಂಡ ದೊಡ್ಡ ಸಂಸ್ಥೆಗಳು ಇಂಥ ಹೋರಾಟದ ಮುಂಚೂಣಿಯಲ್ಲಿ ಏಕೆ ಕಾಣುವುದಿಲ್ಲ? ಪ್ರತಿವಾದಿಯೇ ಹಾಜರಾಗಿ ತಕರಾರು ಸಲ್ಲಿಸದಿದ್ದರೆ 30 ದಿನದ ನಿಯಮಕ್ಕೆ ಜೀವ ತುಂಬುವವರು ಯಾರು? ಬರೆಯದಿರಲು ಒಂದು ನೆಪ ಸಿಕ್ಕಿತು ಎಂಬ ನಿರಾಳವೇ ಇದಕ್ಕೆ ಕಾರಣವಿರಬಹುದೆ ಎಂಬ ಅನುಮಾನ ಓದುಗರಿಗೆ ಬಂದರೆ ಅದು ತಪ್ಪಲ್ಲ.

ಅಧೀನ ನ್ಯಾಯಾಲಯಗಳು 3 ಮತ್ತು 3ಎ ನಿಯಮಗಳನ್ನು ಪಾಲಿಸುತ್ತಿವೆಯೆ ಎಂದು ನೋಡುವ ಅಧಿಕಾರ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗಿದೆ. ಮಾಧ್ಯಮಗಳ ವಿರುದ್ಧದ ದಾವೆಗಳ ವಿಷಯದಲ್ಲಿ ಅದು ಸುತ್ತೋಲೆ ಹೊರಡಿಸಲಿ. ಪತ್ರಿಕೆಯವರಾದ ನಿಮ್ಮಿಂದ ನಾನು ಕೇಳುವುದು ಇನ್ನೂ ಸಣ್ಣದು: ನಿಮ್ಮ ಮೇಲೆ ಯಾರ ಅರ್ಜಿಯಿಂದ, ಯಾವ ನ್ಯಾಯಾಲಯದಿಂದ, ಎಂದಿನಿಂದ ತಡೆಯಿದೆ, ಅದರ ತೆರವಿಗೆ ನೀವು ಅರ್ಜಿ ಹಾಕಿದ್ದೀರೊ ಇಲ್ಲವೊ ಎಂಬುದನ್ನು, ಆದೇಶ ಅದಕ್ಕೆ ಅಡ್ಡಬಾರದಿದ್ದರೆ, ತಿಂಗಳಿಗೊಮ್ಮೆ ಪ್ರಕಟಿಸಿ. ಸುದ್ದಿ ಕೊಡಲಾಗದಿದ್ದರೂ, ಕೊಡಲಾಗುತ್ತಿಲ್ಲ ಎಂಬುದನ್ನು ತಿಳಿಯುವ ಹಕ್ಕು ಚಂದಾ ಕಟ್ಟಿದವರಿಗಿದೆ.

– ಒಬ್ಬ ಓದುಗ, ಸಾಗರ