ಏರಿಗೊಂದು ಗೇರ್

ನಿಮ್ಮಲ್ಲಿ ಸೈಕಲಿನಲ್ಲಿ ಶಾಲೆಗೆ ಬರುವವರು ಎಷ್ಟು ಮಂದಿ? ಬರುವ ದಾರಿಯಲ್ಲಿ ಇಳಿದು ದೂಡಬೇಕಾದ ಏರುಗಳು ಎಷ್ಟು? ಕಾಸರಗೋಡಿನ ಒಳನಾಡನ್ನು ಬಲ್ಲವರಿಗೆ ಎರಡನೆಯ ಪ್ರಶ್ನೆಯ ಉತ್ತರ ಕೇಳುವ ಮೊದಲೇ ಗೊತ್ತು. ಕುಂಬಳೆಯಿಂದ ಬದಿಯಡ್ಕಕ್ಕೆ, ಅಲ್ಲಿಂದ ಪೆರ್ಲಕ್ಕೋ ಮುಳ್ಳೇರಿಯಕ್ಕೋ ಹೊರಟರೆ ಸಮತಟ್ಟಾದ ದಾರಿ ಅಪರೂಪ. ಒಂದು ತೋಡು, ಅದಕ್ಕೊಂದು ಸಂಕ, ಅದರಾಚೆ ಮುರಕಲ್ಲಿನ ಗುಡ್ಡೆ. ಗುಡ್ಡೆ ಇಳಿದರೆ ಮತ್ತೆ ತೋಡು.

ನಮ್ಮ ಶಾಲೆಯ ಹುಡುಗಿಯೊಬ್ಬಳು ಜೂನ್ ತಿಂಗಳಲ್ಲಿ ಅಜ್ಜನ ಕರಿಯ ಸೈಕಲನ್ನು ಒರಸಿ, ಎಣ್ಣೆ ಬಿಟ್ಟು ಶಾಲೆಗೆ ತಂದಳು. ಆಗಸ್ಟ್ ಹೊತ್ತಿಗೆ ಬಿಟ್ಟುಬಿಟ್ಟಳು. ಕಾರಣ ಕೇಳಿದೆ. "ಮಾಸ್ಟ್ರೇ, ಅರ್ಧ ದಾರಿ ನಾನು ಸೈಕಲಿನ ಮೇಲೆ, ಇನ್ನರ್ಧ ದಾರಿ ಸೈಕಲ್ ನನ್ನ ಮೇಲೆ" ಎಂದಳು. ಮತ್ತೆ ಬಸ್ಸಿಗೆ ಕಾಯತೊಡಗಿದಳು. ಆ ಬಸ್ಸು ತಪ್ಪಿದ ದಿನ ಮೊದಲ ಪಾಠವೂ ತಪ್ಪುತ್ತಿತ್ತು.

ತಪ್ಪು ಅವಳ ಕಾಲಿನದ್ದಲ್ಲ, ಹಲ್ಲುಗಳ ಲೆಕ್ಕದ್ದು. ಇಂತಹ ಸೈಕಲಿನ ಮುಂದಿನ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ, ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ಬಯಲಿನ ದಾರಿಗೆ ಇದು ಹದವಾದ ಲೆಕ್ಕ, ಗುಡ್ಡೆಗೆ ಅಲ್ಲ. ಹಾಗೆಂದು ಗಟ್ಟಿಮುಟ್ಟಾದ ಸೈಕಲನ್ನು ಗುಜರಿಗೆ ಕೊಟ್ಟು 21 ಗೇರಿನ ಹೊಸದಕ್ಕೆ ಹಟ ಹಿಡಿಯಬೇಕೆ? ಬೇಡ ಎಂಬುದು ನನ್ನ ಅಭಿಪ್ರಾಯ. ಹಳೆಯದಕ್ಕೇ ಎರಡೋ ಮೂರೋ ಗೇರ್ ಮಾಡಿಸಿದರೆ ಸಾಕು. (ನಮ್ಮೂರಲ್ಲಿ ಗೇರು ಎಂದರೆ ಮೊದಲು ನೆನಪಾಗುವುದು ಗೇರುಬೀಜ. ಇದು ಆ ಗೇರಲ್ಲ.)

ಗೇರ್ ಸೋಮಾರಿಗಳಿಗೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿಯಾರು. ಫ್ರಾನ್ಸಿನಲ್ಲೂ ಹಾಗೆ ಹೇಳಿದವರಿದ್ದರು. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಸಂಘಟಕ ಆನ್ರಿ ದೆಗ್ರಾಂಜ್, ಗೇರ್ ಬೇಕಾದುದು 45 ವರ್ಷ ದಾಟಿದವರಿಗೆ ಎಂದು ಬರೆದಿದ್ದರು. ಆ ಲೆಕ್ಕದಲ್ಲಿ ನನಗೆ ಅನುಮತಿ ಇದೆ, ನಿಮಗಿಲ್ಲ! ಅವರ ಸ್ಪರ್ಧಾಳುಗಳು ಹಿಂದಿನ ಚಕ್ರದ ಎರಡು ಬದಿಗೂ ಬೇರೆ ಬೇರೆ ಹಲ್ಲುಚಕ್ರ ಕೂರಿಸಿಕೊಂಡು, ಪರ್ವತದ ಬುಡದಲ್ಲಿ ಇಳಿದು, ಚಕ್ರವನ್ನು ಬಿಚ್ಚಿ, ತಿರುಗಿಸಿ ಹಾಕಿ ಹತ್ತುತ್ತಿದ್ದರು. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವನ್ನು ಪ್ರಮುಖ ಸ್ಪರ್ಧಾಳುಗಳು ಬಳಸಲು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ.

ಗೇರ್ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ವಿಜ್ಞಾನದ ಪಾಠದಲ್ಲಿ ಸನ್ನೆಕೋಲಿನ ಬಗ್ಗೆ ಓದಿದ್ದೀರಿ, ಇದೂ ಅದೇ. ಹಿಂದೆ 18ರ ಬದಲು 28 ಹಲ್ಲು ಇದ್ದರೆ ಒಂದು ಸುತ್ತಿಗೆ ಸೈಕಲ್ ಸುಮಾರು 3.5 ಮೀಟರ್ ಮಾತ್ರ ಹೋಗುತ್ತದೆ. ನೂರು ಮೀಟರ್ ಏರಿಗೆ ಮೊದಲು ಸುಮಾರು 19 ಸುತ್ತು ತುಳಿಯಬೇಕಿತ್ತು, ಈಗ 29. ಸುತ್ತು ಹೆಚ್ಚಾಯಿತು, ಒಂದೊಂದು ಸುತ್ತಿನ ಭಾರ ಇಳಿಯಿತು. ಹೊರೆಯನ್ನು ಒಮ್ಮೆಗೇ ಹೊರುವ ಬದಲು ಮೂರು ಸಲ ಹೊತ್ತ ಹಾಗೆ.

ಮಾಡಿಸುವುದು ಹೇಗೆ? ನಾನು ಮೊದಲು ಮಾಡಿಸಿದ ರೀತಿಯಲ್ಲಿ ಮಾಡಿಸಬೇಡಿ. ಐದು ಹಲ್ಲುಚಕ್ರಗಳಿರುವ ಫ್ರೀವೀಲ್ ತಂದು, ಹಳೆಯದನ್ನು ಕಳಚಿ, ಅದೇ ಮರೆಯ ಮೇಲೆ ತಿರುಗಿಸಿ ಕೂರಿಸಿದೆ. ಸರಿಯಾಗಿಯೇ ಕೂತಿತು. ಚಕ್ರವನ್ನು ಸೈಕಲಿಗೆ ಹಾಕಿದಾಗ ಹೊರಗಿನ ಹಲ್ಲುಚಕ್ರ ಚೌಕಟ್ಟಿಗೆ ತಾಗಿ ಕಿರ್ ಎಂದಿತು. ಐದು ಹಲ್ಲುಚಕ್ರಕ್ಕೆ ಒಂದಕ್ಕಿಂತ ಹೆಚ್ಚು ಜಾಗ ಬೇಕೆಂಬ ಸಾಮಾನ್ಯ ವಿಷಯ ನನಗೆ ಹೊಳೆದಿರಲಿಲ್ಲ. ಪೇಟೆಯ ಸೈಕಲ್ ಅಂಗಡಿಯವರು ಅವರ ಮಲಯಾಳದಲ್ಲಿ ಬೈದರು, ನಾನು ನನ್ನ ಕನ್ನಡದಲ್ಲಿ ಒಪ್ಪಿಕೊಂಡೆ. ಅವರು ಉದ್ದದ ಅಚ್ಚು ಹಾಕಿ, ಬಿಲ್ಲೆಗಳನ್ನು ಸೇರಿಸಿ, ಉಕ್ಕಿನ ಚೌಕಟ್ಟನ್ನು ಸ್ವಲ್ಪ ಅಗಲಿಸಿದರು. ಹಿಂದಿನ ಚಕ್ರದ 40 ಕಡ್ಡಿಗಳನ್ನು ಒಂದು ಬದಿ ಬಿಗಿದು, ಇನ್ನೊಂದು ಬದಿ ಸಡಿಲಿಸಿ ರಿಮ್ಮನ್ನು ಮತ್ತೆ ನಡುವಿಗೆ ತಂದರು. ಅಗಲ ಕಡಿಮೆಯ ಚೈನ್, ಅದಕ್ಕೆ ಹೊಂದುವ ಮುಂದಿನ ಹಲ್ಲುಚಕ್ರ, ಚೈನನ್ನು ದಾಟಿಸುವ ಸಾಧನ ಬೇರೆ. ಪೂರ್ತಿ ಮುಚ್ಚುವ ಚೈನ್ ಕವರನ್ನು ತೆಗೆಯಲೇಬೇಕಾಯಿತು. ಜುಲೈ ತಿಂಗಳ ಕೆಸರಿನಲ್ಲಿ ಆ ಕವರಿನ ಬೆಲೆ ಏನೆಂದು ನನ್ನ ಬಿಳಿ ಪಂಚೆಗೆ ಗೊತ್ತು.

ಆದ್ದರಿಂದ ನನಗೆ ಹೆಚ್ಚು ಮೆಚ್ಚುಗೆಯಾದುದು ಹಬ್ಬಿನ ಒಳಗೇ ಗೇರ್ ಇರುವ ವ್ಯವಸ್ಥೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸ್ಟರ್ಮಿ ಆರ್ಚರ್ ಹೆಸರಿನಲ್ಲಿ ಬಂದ ಮೂರು ಗೇರಿನ ಹಬ್ ಅಂಥದ್ದು. ಸೂರ್ಯನ ಸುತ್ತ ಗ್ರಹಗಳಂತೆ ಒಂದು ಹಲ್ಲುಚಕ್ರದ ಸುತ್ತ ಪುಟ್ಟ ಹಲ್ಲುಚಕ್ರಗಳು ಅದರೊಳಗೆ ತಿರುಗುತ್ತವೆ. ಚೈನ್ ನೇರವಾಗಿಯೇ ಇರುತ್ತದೆ, ಕವರೂ ಉಳಿಯುತ್ತದೆ. ಕೆಳಗಿನ ಗೇರಿನಲ್ಲಿ ಚಕ್ರದ ಸುತ್ತು ಮುಕ್ಕಾಲಿಗೆ ಇಳಿಯುತ್ತದೆ, ಮೇಲಿನದರಲ್ಲಿ ಮೂರನೆಯ ಒಂದು ಪಾಲು ಏರುತ್ತದೆ. ಹಿಂದೆ 22 ಹಲ್ಲು ಇಟ್ಟುಕೊಂಡರೆ ಒಂದು ತುಳಿತಕ್ಕೆ 3.3, 4.4, 5.9 ಮೀಟರ್. ನಮ್ಮ ಗುಡ್ಡೆ, ಬಯಲು, ಇಳಿಜಾರು ಮೂರಕ್ಕೂ ಇಷ್ಟು ಸಾಕು. 21 ಗೇರಿನ ಸೈಕಲಿನಲ್ಲಿ ಮುಂದಿನ ಮೂರು, ಹಿಂದಿನ ಏಳು ಹಲ್ಲುಚಕ್ರಗಳನ್ನು ಗುಣಿಸಿ 21 ಎನ್ನುತ್ತಾರೆ. ಎಣಿಸಿ ನೋಡಿದರೆ ಹಲವು ಗೇರ್‌ಗಳು ಹೆಚ್ಚುಕಡಿಮೆ ಒಂದೇ. ತೊಂದರೆ ಎಂದರೆ ಗೇರ್ ಇರುವ ಹಬ್ ನಮ್ಮ ಪೇಟೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನಮ್ಮಂತಹ ಗುಡ್ಡೆಯ ಊರುಗಳಿಗೆ ಒಂದೇ ಗೇರಿನ ಸೈಕಲನ್ನು ಕಳುಹಿಸುವವರು ಈ ಹಬ್ಬನ್ನೂ ಕಳುಹಿಸಬೇಡವೆ?

ಇನ್ನೊಂದು ಮಾತು. ಹತ್ತಿದವರು ಇಳಿಯಲೇಬೇಕು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರ್ ಬ್ರೇಕು ಹಿಡಿಯುವುದು ಬಹಳ ನಿಧಾನ. ಗೇರಿಗೆ ದುಡ್ಡು ಕೂಡಿಸುವ ಮೊದಲು ಬ್ರೇಕಿನ ರಬ್ಬರ್ ಬದಲಿಸಿ. ಮಳೆಗಾಲದಲ್ಲಿ ಇಳಿಜಾರಿನ ತಲೆಯಲ್ಲೇ ಬ್ರೇಕ್ ಮುಟ್ಟಿ ನೋಡಿ.

ಆ ಹುಡುಗಿಯ ಸೈಕಲಿಗೆ ಕೊನೆಗೆ ಮಾಡಿಸಿದ್ದು ಎಲ್ಲಕ್ಕಿಂತ ಸುಲಭದ ಕೆಲಸ. 18 ಹಲ್ಲಿನ ಫ್ರೀವೀಲ್ ತೆಗೆದು 22ರದ್ದು ಹಾಕಿಸಿ, ಚೈನಿಗೆ ಕೊಂಡಿ ಸೇರಿಸಿದೆವು. ಗೇರ್ ಒಂದೇ, ಆದರೆ ಗುಡ್ಡೆಗೆ ಒಗ್ಗುವಂಥದ್ದು. ಗೇರ್ ಇರುವ ಹಬ್ ಸಿಕ್ಕಿದಾಗ ಅದನ್ನೂ ಹಾಕಿಸುವುದೆಂದು ಮಾತಾಗಿದೆ. ಈಗ ಅವಳು ಮೂರು ಏರುಗಳಲ್ಲಿ ಎರಡನ್ನು ಇಳಿಯದೆ ಹತ್ತುತ್ತಾಳೆ. ಮೂರನೆಯದರಲ್ಲಿ ದೂಡುತ್ತಾಳೆ. ಐದು ಗೇರ್ ಇದ್ದರೂ ನಾನೂ ಅಲ್ಲಿ ದೂಡುವುದೇ.